ಕಂಟ್ರೋಲರ್ ತಪ್ಪಿಸಿ ಎಳೆದ ವೈರು

ಸುಳ್ಳೇಕೆ ಹೇಳಲಿ, ರೆಸ್ಯೂಮೆಗೆ ಒಂದು ಸಾಲು ಸಿಗುತ್ತದೆಂದೇ ಹೆಸರು ಕೊಟ್ಟಿದ್ದೆ. ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗೆ ಸೋಲಿಗರ ಪೋಡೊಂದರಲ್ಲಿ ಸೋಲಾರ್ ದೀಪಗಳು ಸರಿಯಾಗಿ ಉರಿಯುತ್ತಿಲ್ಲ, ರಿಪೇರಿಗೆ ಸ್ವಯಂಸೇವಕರು ಬೇಕು ಎಂದಿದ್ದರು ನಮ್ಮ ಮೇಷ್ಟ್ರು. ಎಲೆಕ್ಟ್ರಿಕಲ್ ಬಿ.ಇ. ಓದುತ್ತಿರುವ ನಾವು ನಾಲ್ವರು ಮಲ್ಟಿಮೀಟರ್, ಹೈಡ್ರೋಮೀಟರ್, ಎರಡು ಕ್ಯಾನ್ ಡಿಸ್ಟಿಲ್ಡ್ ವಾಟರ್ ಹೊತ್ತು, ಜೀಪು ನಿಂತಲ್ಲಿಂದ ನಡೆದೇ ಹೋದೆವು.

ಕರೆಂಟು ಕಂಬ ಬಾರದ ಜಾಗ ಅದು. ಸಮುದಾಯ ಭವನದ ಪಕ್ಕ ನಾಲ್ಕು ಪ್ಯಾನೆಲ್, ಒಳಗೆ 12 ವೋಲ್ಟಿನ ಎರಡು ಬ್ಯಾಟರಿ, ಹೊರಗೆ ನಾಲ್ಕು ಬೀದಿದೀಪ. ಬ್ಯಾಟರಿ ಮುಚ್ಚಳ ತೆರೆದರೆ ಪ್ಲೇಟಿನ ತುದಿಗಳು ಒಣಗಿದ್ದವು. ಡಿಸ್ಟಿಲ್ಡ್ ವಾಟರ್ ಮುಗಿದ ಮೇಲೆ ಹಳ್ಳದ ನೀರು ಹಾಕುತ್ತಿದ್ದರಂತೆ. ಅದರಲ್ಲಿನ ಲವಣ ಪ್ಲೇಟುಗಳನ್ನು ಹಾಳು ಮಾಡುತ್ತದೆ. ದೀಪ ಹಾಕಿದ ದಿನ ಫೋಟೊ ತೆಗೆಸಿಕೊಂಡವರು ಇದೊಂದು ಮಾತು ಹೇಳಿ ಹೋಗಬಹುದಿತ್ತು.

ಅದಕ್ಕಿಂತ ಸಿಟ್ಟು ತರಿಸಿದ್ದು ಒಂದು ಕೆಂಪು ವೈರು. ಕಂಟ್ರೋಲರ್ ತಪ್ಪಿಸಿ ಬ್ಯಾಟರಿಯಿಂದ ನೇರ ಬೀದಿದೀಪಕ್ಕೆ ಎಳೆದಿದ್ದರು. ವೋಲ್ಟೇಜ್ 22ರ ಆಸುಪಾಸಿಗೆ ಇಳಿದರೆ ಕಂಟ್ರೋಲರ್ ದೀಪ ಆರಿಸಿ ಬ್ಯಾಟರಿ ಉಳಿಸುತ್ತದೆ. ನೇರ ಕೊಟ್ಟರೆ ಬ್ಯಾಟರಿ ಬರಿದಾಗಿ ಬೇಗ ಸಾಯುತ್ತದೆ. ‘ಯಾರು ಮಾಡಿದ್ದು ಇದನ್ನ?’ ಎಂದು ಜೋರಾಗಿಯೇ ಕೇಳಿದೆ. ಕೊಳ್ಳೇಗಾಲದಲ್ಲಿ ಕೆಲವು ತಿಂಗಳು ವೈರಿಂಗ್ ಕೆಲಸಕ್ಕೆ ಹೋಗಿದ್ದ ಹುಡುಗನೊಬ್ಬ ತಲೆ ತಗ್ಗಿಸಿದ. ವೈರು ಕಿತ್ತೆ. ಪುಟ್ಟ ಭಾಷಣವನ್ನೂ ಬಿಗಿದೆ.

ಆ ರಾತ್ರಿ ಮೂರರ ಸುಮಾರಿಗೆ ಕಂಟ್ರೋಲರ್ ತನ್ನ ಕೆಲಸ ಮಾಡಿತು. ದೀಪಗಳು ಆರಿದವು. ಸ್ವಲ್ಪ ಹೊತ್ತಿಗೆ ತಗಡು ಬಡಿಯುವ ಸದ್ದು, ಕೂಗಾಟ. ರಾಗಿ ಹೊಲದ ಅಂಚಿಗೆ ಆನೆ ಬಂದಿತ್ತು. ಬೆಳಕು ಹರಿಯುವವರೆಗೆ ಯಾರೂ ಮಲಗಲಿಲ್ಲ. ನಾನಂತೂ ಭವನದ ಬಾಗಿಲು ದಾಟಲಿಲ್ಲ.

ಬೆಳಿಗ್ಗೆ ಅಜ್ಜಿಯೊಬ್ಬರು ಕಾಫಿ ಕೊಡುತ್ತಾ, ‘ಬ್ಯಾಟ್ರಿ ಉಳೀತಲ್ಲ ಮಗಾ’ ಎಂದರು. ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಆ ಹುಡುಗನ ಜೊತೆ ಕೂತು, ನಿನ್ನೆಯೇ ಕೇಳಬೇಕಾಗಿದ್ದನ್ನು ಕೇಳಿದೆ. ಆನೆ ಬರುವುದು ಹಳ್ಳದ ಕಡೆಯಿಂದ. ಆ ಬದಿಯ ಎರಡು ದೀಪ ಬೆಳಗಿನವರೆಗೆ ಉರಿದರೆ ಸಾಕು. 20 ವ್ಯಾಟಿನ ನಾಲ್ಕು ದೀಪ 12 ಗಂಟೆ ಉರಿದರೆ 960 ವ್ಯಾಟ್-ಅವರ್ ಬೇಕು. ಉಳಿದೆರಡನ್ನು ನಾಲ್ಕೇ ಗಂಟೆಗೆ ಆರಿಸಿದರೆ 640 ಸಾಕು. ಇನ್ನೊಂದು ಕಾರಣವನ್ನು ಅವನೇ ತೋರಿಸಿದ: ಮಧ್ಯಾಹ್ನದ ಮೇಲೆ ಹೊನ್ನೆ ಮರದ ಕೊಂಬೆಯ ನೆರಳು ಪ್ಯಾನೆಲ್ ಮೇಲೆ ಬೀಳುತ್ತಿತ್ತು. ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಸಿಯುತ್ತದೆ. ನಾವು ನಾಲ್ವರೂ ಬ್ಯಾಟರಿ ಕೋಣೆಯಿಂದ ಹೊರಬಂದು ತಲೆಯೆತ್ತಿ ನೋಡಿಯೇ ಇರಲಿಲ್ಲ! ಕೊಂಬೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ಸ್ಟ್ಯಾಂಡನ್ನೇ ಬಿಸಿಲಿಗೆ ಸರಿಸಿದೆವು. ಗುಂಡಿ ತೋಡಿದ್ದು ಊರವರು. ನಮ್ಮ ಕೈಗೆ ಹತ್ತೇ ನಿಮಿಷದಲ್ಲಿ ಬೊಬ್ಬೆ ಎದ್ದಿತ್ತು.

ಬ್ಯಾಟರಿಗಳು ಹೆಚ್ಚು ದಿನ ಬಾಳಲಾರವು. ಹೊಸದಕ್ಕೆ ಹಣ ಎಲ್ಲಿಂದ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನನ್ನ ಮಲ್ಟಿಮೀಟರನ್ನು ಅವನ ಬಳಿಯೇ ಬಿಟ್ಟುಬಂದೆ. ಸಂತೆಗೆ ಬಂದು ನೆಟ್‌ವರ್ಕ್ ಸಿಕ್ಕಾಗಲೆಲ್ಲ ಬೆಳಗಿನ ವೋಲ್ಟೇಜ್ ಬರೆದು ಕಳಿಸುತ್ತಾನೆ. ಕಳೆದ ವಾರ ಬಂದದ್ದು: ‘24.6. ಎರಡು ದಿನ ಮೋಡ ಇತ್ತು. ಹಳ್ಳದ ಕಡೆ ದೀಪ ಆರಲಿಲ್ಲ.’