ಬಾಯಿಪಾಠವಿಲ್ಲದ ಚದುರಂಗ

ಶೃಂಗೇರಿಗೆ ಸಮೀಪದ ಕಿಗ್ಗದಲ್ಲಿ ಮಳೆಯ ದೇವರೆಂದು ಹೆಸರಾದ ಋಷ್ಯಶೃಂಗನ ಗುಡಿಯಿದೆ. ವಿಭಾಂಡಕನ ಈ ಮಗ ತಂದೆಯೊಬ್ಬನನ್ನುಳಿದು ಬೇರೆ ಮನುಷ್ಯರ ಮುಖವನ್ನೇ ಕಾಣದೆ ಅಡವಿಯಲ್ಲಿ ಬೆಳೆದವನು. ಲೋಕದ ನಡೆಯರಿಯದ ಅವನನ್ನು ಅಂಗದೇಶದ ಗಣಿಕೆಯರು ಮೊದಲ ಭೇಟಿಯಲ್ಲಿಯೇ ಮರುಳುಗೊಳಿಸಿದರಂತೆ. ಪರರ ಅನುಭವದ ಬುತ್ತಿಯಿಲ್ಲದೆ ಕಣಕ್ಕಿಳಿದವನು ಆರಂಭದಲ್ಲಿಯೇ ಸೋಲುವನೆಂಬುದು ನಮ್ಮೆಲ್ಲರ ನಂಬಿಕೆ. ಚದುರಂಗವಾಡುವ ಗಣಕಯಂತ್ರದ ವಿಷಯದಲ್ಲಿಯೂ ಬಹುಕಾಲ ಜನ ಹೀಗೆಯೇ ಎಣಿಸಿದ್ದರು.

ಚದುರಂಗದ ಮೊದಲ ಹತ್ತು ಹದಿನೈದು ನಡೆಗಳನ್ನು ನುರಿತ ಆಟಗಾರರು ಯೋಚಿಸಿ ಆಡುವುದಕ್ಕಿಂತ ನೆನೆದು ಆಡುವುದೇ ಹೆಚ್ಚು. ತಲೆಮಾರುಗಳ ಆಟಗಾರರು ಸೋತು ಗೆದ್ದು ಕೂಡಿಸಿದ ಭಂಡಾರವದು. ಅದನ್ನು ಯಂತ್ರದ ನೆನಪಿನಲ್ಲಿ ತುಂಬಿಟ್ಟು ಆಡಿಸುವುದು ನ್ಯಾಯವೇ? ಪುಸ್ತಕ ತೆರೆದಿಟ್ಟುಕೊಂಡು ಪರೀಕ್ಷೆ ಬರೆಯುವವನನ್ನು ಯಾವ ಉಪಾಧ್ಯಾಯರು ಮೆಚ್ಚಿಯಾರು?

1997ರಲ್ಲಿ ನ್ಯೂಯಾರ್ಕಿನಲ್ಲಿ ಐ.ಬಿ.ಎಂ. ಸಂಸ್ಥೆಯ ಡೀಪ್ ಬ್ಲೂ ವಿಶ್ವವಿಜೇತ ಕ್ಯಾಸ್ಪರೋವನನ್ನು ಮೂರೂವರೆಗೆ ಎರಡೂವರೆ ಅಂಕಗಳಿಂದ ಸೋಲಿಸಿತು. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಎಣಿಸಬಲ್ಲ ಯಂತ್ರವದು. ಆದರೂ ನಿರ್ಣಾಯಕವಾದ ಆರನೆಯ ಆಟದಲ್ಲಿ, ಕ್ಯಾಸ್ಪರೋವನು 'ಕಾರೋ–ಕಾನ್' ರಕ್ಷಣೆಯನ್ನು ಆರಿಸಿಕೊಂಡಾಗ, ಎಂಟನೆಯ ನಡೆಗೆ ಅದು ತನ್ನ ಕುದುರೆಯನ್ನು ಬಲಿಗೊಟ್ಟದ್ದು ಎಣಿಕೆಯಿಂದಲ್ಲ. ಆ ಬಲಿ ಅದರ ಭಂಡಾರದಲ್ಲಿ ಮೊದಲೇ ಬರೆದಿತ್ತು. ಹತ್ತೊಂಬತ್ತು ನಡೆಗಳಲ್ಲಿ ಆಟ ಮುಗಿಯಿತು. ನಮ್ಮ ವಿದ್ಯೆಯಿಂದಲೇ ನಮ್ಮನ್ನು ಗೆದ್ದಿತೆಂದು ಸಮಾಧಾನಪಟ್ಟುಕೊಳ್ಳಲು ಅವಕಾಶ ಉಳಿದಿತ್ತು.

ಆ ಸಮಾಧಾನ ಹತ್ತು ವರ್ಷವೂ ಬಾಳಲಿಲ್ಲ. 2006ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಡೀಪ್ ಫ್ರಿಟ್ಸ್ ಯಂತ್ರವು ಭಂಡಾರದಿಂದ ಆಡುತ್ತಿರುವಷ್ಟು ಹೊತ್ತೂ ಆ ಪುಟಗಳನ್ನು ನೋಡುವ ಹಕ್ಕು ಕ್ರಾಮ್ನಿಕನಿಗಿತ್ತು. ಆದರೂ ಸೋತ. 2007ರಲ್ಲಿ ರಿಬ್ಕಾ ಎಂಬ ಯಂತ್ರಕ್ಕೆ ಮೂರೇ ನಡೆಗಳ ಭಂಡಾರ ಕೊಟ್ಟು, ಗ್ರ್ಯಾಂಡ್‌ಮಾಸ್ಟರ್ ಯಾನ್ ಎಲ್ವೆಸ್ಟನಿಗೆ ಎಲ್ಲ ಆಟಗಳಲ್ಲಿಯೂ ಬಿಳಿಯ ಕಾಯಿಗಳನ್ನೂ ಇಮ್ಮಡಿ ಸಮಯವನ್ನೂ ಬಿಟ್ಟುಕೊಟ್ಟರು. ಯಂತ್ರವೇ ನಾಲ್ಕೂವರೆಗೆ ಒಂದೂವರೆಯಿಂದ ಗೆದ್ದಿತು. ನನ್ನ ಮಟ್ಟಿಗೆ ಪ್ರಶ್ನೆ ಅಲ್ಲಿಗೇ ತೀರಿತು.

ಬಾಯಿಪಾಠವಿಲ್ಲದೆ ಗೆಲ್ಲುವುದು ಮನುಷ್ಯನಿಗೂ ಅಸಾಧ್ಯವೇನಲ್ಲ. ನಮ್ಮ ಹಿರಿಯರ ಜಗಲಿಯ ಆಟದಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ದಾಟುವ ಸ್ವಾತಂತ್ರ್ಯ ಸಾಮಾನ್ಯವಾಗಿ ಇರಲಿಲ್ಲ. ಪಾಶ್ಚಾತ್ಯರ ಆರಂಭಗ್ರಂಥಗಳಿಂದ ಅಲ್ಲಿ ಪ್ರಯೋಜನವೂ ಇರಲಿಲ್ಲ. ಇಂಥ ದೇಶೀಯ ಆಟದಲ್ಲಿಯೇ ಬೆಳೆದ ಪಂಜಾಬಿನ ಸುಲ್ತಾನ್ ಖಾನ್ 1929ರಲ್ಲಿ ಇಂಗ್ಲೆಂಡಿಗೆ ಹೋಗಿ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. ಮುಂದೆ ಹೇಸ್ಟಿಂಗ್ಸ್‌ನಲ್ಲಿ ಕಾಪಾಬ್ಲಾಂಕನನ್ನೇ ಸೋಲಿಸಿದರು. ಅವರಿಗೆ ಗ್ರ್ಯಾಂಡ್‌ಮಾಸ್ಟರ್ ಬಿರುದು ದೊರೆತದ್ದು 2024ರಲ್ಲಿ, ಅವರು ತೀರಿಕೊಂಡ ಎಷ್ಟೋ ದಶಕಗಳ ಮೇಲೆ!

ರಿಬ್ಕಾದಂಥ ಯಂತ್ರಗಳಿಗೆ ಆರಂಭ ತಿಳಿಯದಿದ್ದರೂ, ಆನೆಗೆಷ್ಟು ಬೆಲೆ, ಕುದುರೆಗೆಷ್ಟು ಬೆಲೆ ಎಂಬುದನ್ನು ಮನುಷ್ಯರೇ ಹೇಳಿಕೊಟ್ಟಿದ್ದರು. 2017ರಲ್ಲಿ ಡೀಪ್‌ಮೈಂಡ್ ಸಂಸ್ಥೆಯವರ ಆಲ್ಫಾಝೀರೋ ಅದನ್ನೂ ಕಳಚಿಹಾಕಿತು. ಅದಕ್ಕೆ ಕೊಟ್ಟದ್ದು ಆಟದ ನಿಯಮಗಳನ್ನು ಮಾತ್ರ. ತನ್ನೊಡನೆ ತಾನೇ ಲಕ್ಷೋಪಲಕ್ಷ ಆಟಗಳನ್ನಾಡಿ ಕಲಿತು, ಯಾವ ಮನುಷ್ಯನಿಗಿಂತಲೂ ಬಲಶಾಲಿಯಾಗಿದ್ದ ಸ್ಟಾಕ್‌ಫಿಶ್ ಯಂತ್ರದೊಡನೆ ನೂರು ಆಟಗಳನ್ನಾಡಿತು. 28 ಗೆಲವು, 72 ಸಮ, ಸೋಲು ಒಂದೂ ಇಲ್ಲ. ಎದುರಾಳಿಗೆ ಭಂಡಾರವಿರಲಿಲ್ಲವೆಂಬ ಆಕ್ಷೇಪ ಬಂತು. ಬಳಿಕ ಭಂಡಾರ ಕೊಟ್ಟು ಆಡಿಸಿದಾಗಲೂ ಫಲ ಬೇರೆಯಾಗಲಿಲ್ಲ. ಈ ಋಷ್ಯಶೃಂಗನನ್ನು ಮರುಳುಗೊಳಿಸುವವರಿಲ್ಲ.

ಇಲ್ಲಿಗೆ ಭಂಡಾರವೆಲ್ಲ ಕಸವೆಂದು ವಿದ್ಯಾರ್ಥಿಗಳು ಹಿಗ್ಗಬಾರದು. ಏಕಾಂತದ ಕಲಿಕೆಯಲ್ಲಿ ಆಲ್ಫಾಝೀರೋ ಯಾರೂ ತೋರಿಸದೆಯೇ ಕಂಡುಕೊಂಡದ್ದು ಬಹುಪಾಲು ನಮ್ಮ ಹಳೆಯ ಆರಂಭಗಳನ್ನೇ. ಕ್ವೀನ್ಸ್ ಗ್ಯಾಂಬಿಟ್, ಇಂಗ್ಲಿಷ್ ಆರಂಭ ಮೊದಲಾದವುಗಳನ್ನು ತಾನೇ ಮುಟ್ಟಿತು. ಫ್ರೆಂಚ್ ರಕ್ಷಣೆಯನ್ನು ಕೆಲಕಾಲ ಆಡಿ ಬಿಟ್ಟಿತು. ಕ್ಯಾಸ್ಪರೋವನು ನಂಬಿ ಕೆಟ್ಟ ಕಾರೋ–ಕಾನನ್ನೂ ಇನ್ನಷ್ಟು ಕಾಲ ಮೆಚ್ಚಿ ಆಡಿ, ಕೊನೆಗೆ ಕೈಬಿಟ್ಟಿತು.