ಅವಳು ನಿಮಗೆ ಹೇಳಿದಾಗ

ಗೆಳತಿ ಬಂದು "ನನ್ನ ಮೇಲೆ ಅತ್ಯಾಚಾರ ಆಗಿದೆ" ಅಂದರೆ, ಅಷ್ಟು ಹೊತ್ತಲ್ಲಿ ಅಲ್ಲಿಗ್ಯಾಕೆ ಹೋಗಿದ್ದೆ ಅಂತ ಕೇಳಬೇಡಿ. ನಂಬಿ. "ನಾನಿದ್ದೀನಿ, ಏನು ಮಾಡೋಣ ಹೇಳು" ಅನ್ನಿ. ತೀರ್ಮಾನ ಅವಳದೇ ಆಗಿರಲಿ.

ಅವಳು ಒಪ್ಪಿದರೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಸರ್ಕಾರಿಯಾಗಲಿ, ಖಾಸಗಿಯಾಗಲಿ, ಪ್ರಥಮ ಚಿಕಿತ್ಸೆ, ವೈದ್ಯಕೀಯ ಚಿಕಿತ್ಸೆ ಎರಡೂ ಉಚಿತ; ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಹಾಗೆ ಹೇಳುತ್ತೆ. ಎಫ್‌ಐಆರ್ ತನ್ನಿ, ಆಮೇಲೆ ನೋಡ್ತೀವಿ ಅಂತ ವಾಪಸ್ ಕಳಿಸುವ ಹಾಗಿಲ್ಲ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಗರ್ಭ ತಡೆಯುವ ಮಾತ್ರೆಯೂ ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೇದು. ತೊಟ್ಟಿದ್ದ ಬಟ್ಟೆ ಒಗೆಯದೆ ಪೇಪರ್ ಕವರಿನಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಸಾಕ್ಷ್ಯ ಕೆಡುತ್ತೆ. ಸ್ನಾನ ಆಗಿಹೋಗಿದ್ರೂ ಹೋಗಿ, ತಡವಾಯ್ತು ಅಂತ ಕೈಚೆಲ್ಲಬೇಡಿ. ಅಲ್ಲಿ "ಎರಡು ಬೆರಳಿನ ಪರೀಕ್ಷೆ" ಮಾಡ್ತೀವಿ ಅಂದರೆ ಬೇಡವೇ ಬೇಡ ಅನ್ನಿ. ಅದನ್ನು ಮಾಡುವುದು ದುರ್ನಡತೆ ಅಂತ 2022ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, "ಇದು ನಮ್ಮ ವ್ಯಾಪ್ತಿಯಲ್ಲ" ಅನ್ನುವಂತಿಲ್ಲ. ಹೇಳಿಕೆ ಬರೆದುಕೊಳ್ಳಬೇಕಾದ್ದು ಮಹಿಳಾ ಅಧಿಕಾರಿ. ಅವಳ ಹೆಸರು, ಫೋಟೋ ಹಂಚಿಕೊಳ್ಳುವುದು ಅಪರಾಧ, ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ.

ಇನ್ನು ತಡೆಯುವ ಕೆಲಸ. ಅದು ಮನೆಯಲ್ಲೇ ಶುರು. ಪುಟ್ಟ ಮಗುವಿಗೂ ಮೈಯ ಎಲ್ಲ ಭಾಗಗಳ ಹೆಸರು ಹೇಳಿಕೊಡಿ, ಗುಪ್ತಾಂಗಗಳದ್ದೂ. ಮನೆಗೆ ಬಂದ ಮಾವ ಮುತ್ತು ಕೇಳಿ, ಮಗು ಹಿಂದೆ ಸರಿದರೆ, "ಕೊಡೋ ಪುಟ್ಟಾ" ಅಂತ ತಳ್ಳಬೇಡಿ. ಬೇಡ ಅಂದರೆ ಬೇಡ ಅನ್ನೋದು ಗಂಡುಮಕ್ಕಳೂ ಕಲಿಯೋದು ಅಲ್ಲೇ.

ಸಹಾಯವಾಣಿ: ಮಹಿಳೆಯರಿಗೆ 181, ಮಕ್ಕಳಿಗೆ 1098. ಈಗಲೇ ಫೋನಲ್ಲಿ ಸೇವ್ ಮಾಡಿ.