ಕರಾವಳಿಯ ವಿದ್ಯುತ್ ಜಾಲ ಮತ್ತು ಗಣಕ ಸುರಕ್ಷತೆ

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳ ಉದ್ಯಮಿಗಳಿಗೆ ವಿದ್ಯುತ್ ವ್ಯತ್ಯಯವೆಂದೊಡನೆ ನೆನಪಾಗುವುದು ಮಳೆಗಾಲದಲ್ಲಿ ತಂತಿಯ ಮೇಲೆ ಉರುಳಿದ ಮರ. ಮರ ತೆರವಾದರೆ ಸರಬರಾಜು ಮರಳುತ್ತದೆ. ಆದರೆ ಗಣಕಯಂತ್ರಗಳ ಮೂಲಕ ಜಾಲವನ್ನೇ ಕೆಡಿಸುವ ಅಪಾಯವೂ ಇಂದು ಉಂಟು. ಮೀನು ಕೆಡದಂತೆ ಕಾಯುವ ಮಂಜುಗಡ್ಡೆ ಕಾರ್ಖಾನೆಗೆ ಕಾರಣ ಯಾವುದಾದರೂ ನಷ್ಟ ಒಂದೇ.

ಈ ತಾಲ್ಲೂಕುಗಳಲ್ಲಿ ವಿತರಣೆ ಹೆಸ್ಕಾಂನದು, ಪ್ರಸರಣ ಕೆಪಿಟಿಸಿಎಲ್‌ನದು. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲೇ 240 ಮೆಗಾವ್ಯಾಟ್ ಸಾಮರ್ಥ್ಯದ ಜಲವಿದ್ಯುದಾಗಾರವಿದೆ. ಉತ್ತರಕ್ಕೆ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಪರಮಾಣು ಘಟಕಗಳಿವೆ. ಉತ್ಪಾದನೆ ಸಮೀಪದಲ್ಲಿದ್ದರೂ ಜಾಲದ ಸಮತೋಲನವನ್ನು ಕಾಯುವುದು ಬೆಂಗಳೂರಿನಲ್ಲಿರುವ ರಾಜ್ಯ ಹಾಗೂ ಪ್ರಾದೇಶಿಕ ಭಾರ ರವಾನೆ ಕೇಂದ್ರಗಳು. ಉಪಕೇಂದ್ರಗಳ ವೋಲ್ಟೇಜ್, ವಿದ್ಯುತ್ ಹರಿವು, ಬ್ರೇಕರ್‌ಗಳ ಸ್ಥಿತಿಯನ್ನು ದೂರದ ಪರದೆಗೆ ತಲುಪಿಸುವ, ಅಗತ್ಯ ಬಿದ್ದರೆ ಅಲ್ಲಿಂದಲೇ ಆಜ್ಞೆ ನೀಡುವ ವ್ಯವಸ್ಥೆಗೆ ಸ್ಕಾಡಾ ಎಂದು ಹೆಸರು. ಅನುಕೂಲವೂ ಅಪಾಯವೂ ಅಲ್ಲಿಯೇ.

ಈ ಅಪಾಯದ ಸ್ವರೂಪ ಮೊದಲು ಸ್ಪಷ್ಟವಾದುದು ಉಕ್ರೇನ್‌ನಲ್ಲಿ. ಅಲ್ಲಿನ ಮೂರು ವಿತರಣಾ ಕಂಪನಿಗಳ ಕಚೇರಿಗೆ ಇ-ಮೇಲ್ ಲಗತ್ತಿನ ಮೂಲಕ ಕುತಂತ್ರಾಂಶ ನುಸುಳಿತು. ಆಕ್ರಮಣಕಾರರು ತಿಂಗಳುಗಟ್ಟಲೆ ಒಳಗಿದ್ದು ಸಿಬ್ಬಂದಿಯ ಗುಪ್ತಪದಗಳನ್ನು ಸಂಗ್ರಹಿಸಿದರು. 2015ರ ಡಿಸೆಂಬರ್ 23ರಂದು ನಿಯಂತ್ರಣ ಕೊಠಡಿಯವರ ಕಣ್ಣೆದುರೇ ಬ್ರೇಕರ್‌ಗಳು ಒಂದೊಂದಾಗಿ ತೆರೆದುಕೊಂಡವು. ಸುಮಾರು 2,25,000 ಗ್ರಾಹಕರು ಕತ್ತಲಲ್ಲಿ ಉಳಿದರು. ದೂರು ಸ್ವೀಕರಿಸುವ ದೂರವಾಣಿಗೂ ಸುಳ್ಳು ಕರೆಗಳ ಮಳೆ ಸುರಿಯಿತು. ಆದರೂ ಕೆಲವೇ ಗಂಟೆಗಳಲ್ಲಿ ವಿದ್ಯುತ್ ಮರಳಿತು. ಸಿಬ್ಬಂದಿ ಉಪಕೇಂದ್ರಗಳಿಗೆ ಧಾವಿಸಿ ಬ್ರೇಕರ್‌ಗಳನ್ನು ಕೈಯಿಂದಲೇ ಮುಚ್ಚಿದರು. ಅವರಿಗೆ ಆ ಕೆಲಸ ಮರೆತಿರಲಿಲ್ಲ ಎಂಬುದೇ ಇಲ್ಲಿ ಮುಖ್ಯ.

ಭಾರತಕ್ಕೂ ಇದು ದೂರದ ಮಾತಲ್ಲ. 2019ರಲ್ಲಿ ಕೂಡಂಕುಳಂ ಸ್ಥಾವರದ ಆಡಳಿತ ಜಾಲದ ಗಣಕಯಂತ್ರವೊಂದರಲ್ಲಿ ಕುತಂತ್ರಾಂಶ ಪತ್ತೆಯಾದುದನ್ನು ಪರಮಾಣು ವಿದ್ಯುತ್ ನಿಗಮ ಒಪ್ಪಿಕೊಂಡಿತು. ಕೈಗಾವನ್ನು ನಡೆಸುತ್ತಿರುವುದೂ ಅದೇ ನಿಗಮ. ನಿಯಂತ್ರಣ ಜಾಲ ಪ್ರತ್ಯೇಕವಾಗಿದ್ದುದರಿಂದ ಸ್ಥಾವರಕ್ಕೆ ಬಾಧೆಯಾಗಲಿಲ್ಲವೆಂದು ಅದು ತಿಳಿಸಿತು. ನಿಯಂತ್ರಣ ವ್ಯವಸ್ಥೆಯನ್ನು ಅಂತರಜಾಲದಿಂದ ಬೇರ್ಪಡಿಸಬೇಕು, ಪ್ರತಿ ಸಂಸ್ಥೆಯೂ ಮಾಹಿತಿ ಸುರಕ್ಷತಾ ಮುಖ್ಯಾಧಿಕಾರಿಯನ್ನು ನೇಮಿಸಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರವು 2021ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಮಾರ್ಗಸೂಚಿಯ ಪಾಲನೆ ಕಾಗದದಲ್ಲೇ ಉಳಿಯುವುದು ನಮ್ಮಲ್ಲಿ ಹೊಸತೇನಲ್ಲ. ಪ್ರತಿ ಮಳೆಗಾಲದಲ್ಲೂ ಕತ್ತಲಲ್ಲಿ ಮಾರ್ಗ ಹುಡುಕಿ ದುರಸ್ತಿ ಮಾಡುವ ಕರಾವಳಿಯ ಲೈನ್‌ಮನ್‌ಗಳ ಅನುಭವ ಇಲ್ಲಿ ದೊಡ್ಡ ಆಸ್ತಿ. ಸ್ವಯಂಚಾಲನೆಯ ನೆಪದಲ್ಲಿ ಉಪಕೇಂದ್ರಗಳ ಸಿಬ್ಬಂದಿಯನ್ನು ಕಡಿತಗೊಳಿಸುವ ಪ್ರಸ್ತಾಪ ಬಂದಾಗ ವಾಣಿಜ್ಯ ಸಂಘಗಳು ಈ ಅಂಶವನ್ನು ಎತ್ತಬೇಕು.

ಉದ್ಯಮಿಗಳ ಹೊಣೆಯೂ ಇದೆ. ಅಂತರಜಾಲಕ್ಕೆ ಜೋಡಿಸಿದ ಸೌರ ಇನ್ವರ್ಟರ್‌ಗಳು, ದೂರದಿಂದಲೇ ತಯಾರಕರು ನಿರ್ವಹಿಸುವ ಶೀತಲೀಕರಣ ಯಂತ್ರಗಳು ಕಾರ್ಖಾನೆಯಿಂದ ಬಂದ ಗುಪ್ತಪದದಲ್ಲೇ ಓಡುತ್ತಿದ್ದರೆ ಅದನ್ನು ಕೂಡಲೇ ಬದಲಿಸಬೇಕು. ಗಂಭೀರ ಗಣಕ ಆಕ್ರಮಣಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಕೇಂದ್ರದ ಸಿಇಆರ್‌ಟಿ-ಇನ್‌ಗೆ ತಿಳಿಸಬೇಕೆಂಬ 2022ರ ನಿರ್ದೇಶನವು ಖಾಸಗಿ ಕಂಪನಿಗಳಿಗೂ ಅನ್ವಯಿಸುತ್ತದೆ.